ಗದ್ದೆ, ತೋಟದ ಹೆಗ್ಗಣ: ಬೋನು ಹೇಗೆ ಇಡುವುದು, ಹಿಡಿಯುವವರನ್ನು ಯಾವಾಗ ಕರೆಸುವುದು

ಹೆಗ್ಗಣದ ಕಾಟ ಅಂದ ತಕ್ಷಣ ನಮ್ಮ ಉತ್ತರ ಕನ್ನಡದ ಕಡೆ ಜನ ಕೇಳುವ ಮೊದಲ ಪ್ರಶ್ನೆ, ‘ಯಾವ ಪಾಷಾಣ ಹಾಕಿದ್ರೆ ಸಾಯ್ತದೆ?’ ಎಂದು. ಅಂಗಡಿಯವರು ಒಂದು ಪೊಟ್ಟಣ ಕೊಟ್ಟು ಕಳಿಸುತ್ತಾರೆ. ನಾಲ್ಕು ಹೆಗ್ಗಣ ಸಾಯುತ್ತವೆ, ಉಳಿದವು ಹುಷಾರಾಗುತ್ತವೆ. ನಡುವೆ ಮನೆಯ ಬೆಕ್ಕೋ ನಾಯಿಯೋ ಜೀವ ಬಿಡುತ್ತದೆ. ತಿಂಗಳೆರಡು ಕಳೆದರೆ ಮತ್ತೆ ಅದೇ ಕಥೆ. ಅದಕ್ಕೇ ಇಲ್ಲಿ ಪಾಷಾಣದ ಮಾತು ಹಿಂದೆ ಬರುತ್ತದೆ. ಮೊದಲು ಬಿಲ ನೋಡೋಣ. ಆಮೇಲೆ ಬೋನು. ಅದಕ್ಕೂ ಬಗ್ಗದಿದ್ದರೆ ಕೆಲಸ ಗೊತ್ತಿರುವವರನ್ನು ಕರೆಸೋಣ.

ಬಿಲ ಯಾರದು, ಮೊದಲು ನೋಡಿ

ಬಿಲ ಕಂಡಲ್ಲೆಲ್ಲ ಹೆಗ್ಗಣ ಇರುವುದಿಲ್ಲ. ಕುಮಟಾ, ಅಂಕೋಲಾ ಕಡೆಯ ಗದ್ದೆ ಬದುಗಳಲ್ಲಿ ಏಡಿ ಬಿಲಗಳೂ ಬೇಕಾದಷ್ಟು. ಅಘನಾಶಿನಿ ಹೊಳೆಯ ಗಜನಿ (ಉಪ್ಪುನೀರಿನ ಅಂಚಿನ ತಗ್ಗು ಗದ್ದೆ) ಕಟ್ಟೆಗಳಲ್ಲಂತೂ ಕೇಳುವುದೇ ಬೇಡ. ಏಡಿ ಬಿಲ ನೀರಿನ ಮಟ್ಟದ ಹತ್ತಿರ ಇರುತ್ತದೆ, ಅದರ ಬಾಯಿ ಒದ್ದೆಯಾಗಿ ನುಣ್ಣಗಿರುತ್ತದೆ, ಹೊರಗೆ ಕೆಸರಿನ ಉಂಡೆಗಳು ಬಿದ್ದಿರುತ್ತವೆ. ಹೆಗ್ಗಣದ ಬಿಲ ಸಾಮಾನ್ಯವಾಗಿ ನೀರಿಗಿಂತ ಮೇಲೆ, ಬದುವಿನ ಪಕ್ಕದಲ್ಲಿ ಅಥವಾ ನೆತ್ತಿಯಲ್ಲಿ ಇರುತ್ತದೆ. ಬಾಯಿಯ ಮುಂದೆ ಕೆದರಿದ ಮಣ್ಣಿನ ಗುಪ್ಪೆ ಇರುತ್ತದೆ. ಎಷ್ಟೋ ಸಲ ಬಾಯಿಯೇ ಕಾಣುವುದಿಲ್ಲ. ಹೆಗ್ಗಣ ಒಳಗೆ ಹೋದ ಮೇಲೆ ಮಣ್ಣು ತುರುಕಿ ಬಾಗಿಲು ಹಾಕಿಕೊಂಡಿರುತ್ತದೆ. ಬೆಳಿಗ್ಗೆ ಹೋಗಿ ಗುಪ್ಪೆ ಮುಟ್ಟಿ ನೋಡಿ. ಮಣ್ಣು ತಂಪಾಗಿ ಕಪ್ಪಗಿದ್ದರೆ ರಾತ್ರಿ ತೋಡಿದ್ದು. ಬಿಸಿಲಿಗೆ ಬಿಳುಚಿ ಗಟ್ಟಿಯಾಗಿದ್ದರೆ ಹಳೆಯದು.

ಪೈರು ನೋಡಿದರೂ ಗೊತ್ತಾಗುತ್ತದೆ. ಭತ್ತದ ತೆಂಡೆಯನ್ನು ಹೆಗ್ಗಣ ಬುಡದ ಹತ್ತಿರ ಓರೆಯಾಗಿ ಕತ್ತರಿಸುತ್ತದೆ, ಕತ್ತಿಯಲ್ಲಿ ಕೊಯ್ದ ಹಾಗೆ. ತಿನ್ನುವುದಕ್ಕಿಂತ ಕತ್ತರಿಸಿ ಹಾಳು ಮಾಡುವುದೇ ಜಾಸ್ತಿ. ತೆನೆ ಬಂದ ಮೇಲೆ ಬಿಲದೊಳಗೆ ಎಳೆದುಕೊಂಡು ಹೋಗಿ ಕೂಡಿಡುತ್ತದೆ. ಬಿಲ ಅಗೆದವರಿಗೆ ಒಳಗೆ ಕೇಜಿಗಟ್ಟಲೆ ಭತ್ತ ಸಿಗುವುದು ಹೊಸ ವಿಷಯವೇನಲ್ಲ. ಕರಾವಳಿಯ ಮರಳು ಭೂಮಿಯಲ್ಲಿ ಶೇಂಗಾ, ಗೆಣಸು ಹಾಕುವವರಿಗೂ, ಹೊಸದಾಗಿ ತೆಂಗಿನ ಸಸಿ ನೆಟ್ಟವರಿಗೂ ಇದೇ ಹೆಗ್ಗಣದ ತಲೆನೋವು.

ಗಜನಿಯಲ್ಲಿ ಇನ್ನೊಂದು ಭಯ ಇದೆ. ಅಲ್ಲಿ ಒಂದು ಬಿಲ ಕಟ್ಟೆಯ ಆಚೆ ಬದಿಗೆ ತೂತಾದರೆ ಭರತದ (ಉಬ್ಬರದ) ಹೊತ್ತಿಗೆ ಉಪ್ಪುನೀರು ಒಳಗೆ ಬರುತ್ತದೆ. ಉಪ್ಪು ತಡೆಯುವ ಕಗ್ಗ ಭತ್ತ ಹಾಕಿದ್ದರೆ ಸ್ವಲ್ಪ ತಡೆದುಕೊಂಡೀತು, ಬೇರೆ ತಳಿ ಆದರೆ ಆ ಭಾಗ ಹೋಯಿತೆಂದೇ ಲೆಕ್ಕ. ಹಾಗಾಗಿ ಗಜನಿಯವರು ಪೈರಿಗಿಂತ ಮೊದಲು ಕಟ್ಟೆ ನೋಡಬೇಕು.

ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಾಡಂಚಿನ ತೋಟದಲ್ಲಿ ದೊಡ್ಡ ಬಿಲ ಕಂಡರೆ ಸ್ವಲ್ಪ ನಿಧಾನಿಸಿ. ಮನುಷ್ಯರ ತಲೆ ಹಿಡಿಯುವಷ್ಟು ಅಗಲ ಇದ್ದರೆ ಅದು ಮುಳ್ಳುಹಂದಿಯದೋ ಚಿಪ್ಪುಹಂದಿಯದೋ ಇರಬಹುದು. ಇವುಗಳನ್ನು ಹಿಡಿಯುವುದು, ಕೊಲ್ಲುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಬೋನು, ಉರುಳು ಏನೂ ಬೇಡ. ಅರಣ್ಯ ಇಲಾಖೆಗೆ ತಿಳಿಸಿ, ಬೇಲಿ ಗಟ್ಟಿ ಮಾಡಿಕೊಳ್ಳಿ.

ಇನ್ನು ಸೊಂಡಿಲಿ. ಮೂತಿ ಉದ್ದ, ಕಣ್ಣು ಚಿಕ್ಕದು, ಹತ್ತಿರ ಬಂದರೆ ಕೆಟ್ಟ ವಾಸನೆ. ಇಲಿಯ ಹಾಗೆ ಕಾಣುತ್ತದೆ, ಆದರೆ ತಿನ್ನುವುದು ಮುಖ್ಯವಾಗಿ ಹುಳಹುಪ್ಪಟೆ. ಅದರಿಂದ ಬೆಳೆಗೆ ನಷ್ಟವಿಲ್ಲ. ಬೋನಿಗೆ ಬಿದ್ದರೆ ಬಿಟ್ಟುಬಿಡಿ.

ಬಿಲ ಮುಚ್ಚಿ, ಲೆಕ್ಕ ಹಿಡಿಯಿರಿ

ಇದನ್ನು ಮಾತ್ರ ಬಿಡಬೇಡಿ. ಸಂಜೆ ಒಂದು ಗುದ್ದಲಿ ಹಿಡಿದು ಬದುವಿನ ಮೇಲೆ ನಡೆಯಿರಿ. ಕಂಡ ಬಿಲಗಳನ್ನೆಲ್ಲ ಮಣ್ಣು ಹಾಕಿ ತುಳಿದು ಮುಚ್ಚಿ. ಪ್ರತಿಯೊಂದರ ಪಕ್ಕ ಒಂದು ಕೋಲು ಚುಚ್ಚಿ. ಮರುದಿನ ಬೆಳಿಗ್ಗೆ ಬಂದು ನೋಡಿ. ಮತ್ತೆ ತೆರೆದಿರುವುದು, ಹೊಸ ಮಣ್ಣು ಬಿದ್ದಿರುವುದು ಮಾತ್ರ ಜೀವ ಇರುವ ಬಿಲ. ಮೂವತ್ತು ಬಿಲ ಮುಚ್ಚಿದ ಜಾಗದಲ್ಲಿ ಎಂಟೇ ತೆರೆದಿದ್ದರೆ ನಿಮ್ಮ ಕೆಲಸ ಎಂಟೇ ಕಡೆ. ಉಳಿದ ಇಪ್ಪತ್ತೆರಡಕ್ಕೆ ಸುಮ್ನೆ ಬೋನು, ದುಡ್ಡು, ಆಳು ಯಾಕೆ ಹಾಕಬೇಕು?

ಗದ್ದೆಯ ಹೆಗ್ಗಣ ಒಂಟಿ ಪ್ರಾಣಿ. ಮರಿಗಳಿರುವ ತಾಯಿ ಬಿಟ್ಟರೆ ಒಂದು ಬಿಲಕ್ಕೆ ಸಾಮಾನ್ಯವಾಗಿ ಒಂದೇ ದೊಡ್ಡ ಹೆಗ್ಗಣ. ಆದರೆ ಒಂದೇ ಹೆಗ್ಗಣದ ಬಿಲಕ್ಕೆ ಮೂರು ನಾಲ್ಕು ಬಾಯಿ ಇರಬಹುದು. ಹತ್ತಿರ ಹತ್ತಿರ ಇರುವ ಬಾಯಿಗಳನ್ನು ಒಂದೇ ಬಿಲ ಎಂದು ಎಣಿಸಿ. ಈ ಲೆಕ್ಕವನ್ನು ಬರೆದಿಡಿ. ಮುಂದೆ ಯಾರನ್ನಾದರೂ ಕರೆಸಿದರೆ ಇದೇ ನಿಮ್ಮ ಕೈಯಲ್ಲಿರುವ ದಾಖಲೆ.

ಯಾವಾಗ ಶುರು ಮಾಡಬೇಕು

ಒಳ್ಳೆಯ ಹೊತ್ತು ಏಪ್ರಿಲ್, ಮೇ. ಗದ್ದೆ ಖಾಲಿ, ತಿನ್ನಲು ಕಡಿಮೆ, ಹೆಗ್ಗಣಗಳೆಲ್ಲ ಬದು, ಕಟ್ಟೆ, ಹುಲ್ಲಿನ ಬಣವೆ, ಗೊಬ್ಬರ ಗುಂಡಿ ಸುತ್ತ ಸೇರಿರುತ್ತವೆ. ಹಸಿದಿರುವುದರಿಂದ ಬೋನಿನ ಆಹಾರಕ್ಕೂ ಬೇಗ ಬರುತ್ತವೆ. ರೋಹಿಣಿ ಮಳೆಗೆ ಮುಂಚೆ ಒಂದು ಸುತ್ತು ಮುಗಿಸಬೇಕು. ಹೆಗ್ಗಣ ಗಬ್ಬ ಕಟ್ಟಿದ ಮೂರು ವಾರಕ್ಕೆ ಮರಿ ಹಾಕುತ್ತದೆ, ಒಂದು ಸಲಕ್ಕೆ ಆರೆಂಟು. ಆ ಮರಿಗಳೂ ಮೂರು ತಿಂಗಳಿಗೆಲ್ಲ ಮರಿ ಹಾಕಲು ತಯಾರು. ಮೇ ತಿಂಗಳಲ್ಲಿ ಬಿಟ್ಟ ಒಂದು ಜೋಡಿ ತೆನೆ ಬರುವ ಹೊತ್ತಿಗೆ ಎಷ್ಟಾಗುತ್ತದೆ, ನೀವೇ ಲೆಕ್ಕ ಹಾಕಿ.

ಎರಡನೇ ಸುತ್ತು ನಾಟಿ ಆದ ಮೇಲೆ, ಹೊಡೆ ಬರುವ (ತೆನೆ ಮೂಡುವ) ಮುಂಚೆ. ನಮ್ಮಲ್ಲಿ ಇದು ಹೆಚ್ಚು ಕಡಿಮೆ ಚೌತಿಯ ಆಸುಪಾಸಿಗೆ ಬರುತ್ತದೆ. ಗಣಪನ ವಾಹನಕ್ಕೆ ಆ ಹೊತ್ತಿನಲ್ಲಿ ಕೈ ಹಾಕಲು ಮನಸ್ಸು ಬಾರದವರು ಆಷಾಢದಲ್ಲೇ ಕೆಲಸ ಮುಗಿಸಿಕೊಳ್ಳಿ. ಹೊಡೆ ಬಂದ ಮೇಲೆ ಗದ್ದೆ ತುಂಬ ಊಟ ಇರುವಾಗ ನಿಮ್ಮ ಬೋನಿನ ಕೊಬ್ಬರಿಯನ್ನು ಯಾವ ಹೆಗ್ಗಣವೂ ಮೂಸಿ ನೋಡುವುದಿಲ್ಲ.

ಒಬ್ಬರೇ ಮಾಡಿದರೆ ಅರ್ಧ ಪ್ರಯೋಜನ. ನಿಮ್ಮ ಗದ್ದೆ ಖಾಲಿಯಾದರೆ ಪಕ್ಕದ ಗದ್ದೆಯ ಹೆಗ್ಗಣ ವಾರದಲ್ಲಿ ಬಂದು ಅದೇ ಬಿಲ ಹಿಡಿಯುತ್ತದೆ. ಒಂದು ಬಯಲಿನ ಎಲ್ಲರೂ ಒಂದೇ ವಾರ ಬೋನು ಇಡಬೇಕು. ಗಜನಿಯಲ್ಲಿ ಹೇಗೂ ಕಟ್ಟೆ ಕೆಲಸ ಎಲ್ಲರೂ ಸೇರಿ ಮಾಡುತ್ತೀರಿ, ಇದನ್ನೂ ಅದರ ಜೊತೆಗೇ ಸೇರಿಸಿಕೊಳ್ಳಿ.

ಬೋನು: ಆಯ್ಕೆ, ಆಹಾರ, ಜಾಗ

ಪೇಟೆಯಲ್ಲಿ ಸಿಗುವುದು ಮುಖ್ಯವಾಗಿ ಎರಡು: ತಂತಿಯ ಗೂಡು ಬೋನು, ಮತ್ತೆ ಬಡಿಯುವ ಕತ್ತರಿ ಬೋನು. ಮನೆಯ ಇಲಿಗೆಂದು ಮಾರುವ ಚಿಕ್ಕ ಗೂಡು ಹೆಗ್ಗಣಕ್ಕೆ ಸಾಲದು. ಬಾಗಿಲು ಬಿದ್ದ ಮೇಲೂ ಬಾಲದ ಕಡೆ ಹೊರಗೆ ಉಳಿದರೆ ಅದು ಹಿಂದಕ್ಕೆ ತಳ್ಳಿ ಪಾರಾಗುತ್ತದೆ. ಉದ್ದ ಒಂದೂವರೆ ಅಡಿಯಾದರೂ ಇರಲಿ, ತಂತಿ ದಪ್ಪ ಇರಲಿ. ಕತ್ತರಿ ಬೋನು ತಕ್ಷಣ ಕೊಲ್ಲುತ್ತದೆ, ಆದರೆ ಕೋಳಿ, ನಾಯಿಮರಿ, ಮಕ್ಕಳು ಓಡಾಡುವ ಮನೆಯಂಗಳದಲ್ಲಿ ಬೇಡ.

ಮೂರನೆಯದು ತಂಜಾವೂರು ಕಡೆಯ ಬಿಲ್ಲು ಬೋನು. ಬಿದಿರಿನ ಬಿಲ್ಲು ಬಗ್ಗಿಸಿ ಹಗ್ಗ ಕಟ್ಟಿ, ನಡುವೆ ಆಹಾರ ಇಟ್ಟಿರುತ್ತಾರೆ. ಇಲಿ ಬಾಯಿ ಹಾಕಿ ಎಳೆದರೆ ಬಿಲ್ಲು ಬಿಟ್ಟು ಕುತ್ತಿಗೆ ಅದುಮುತ್ತದೆ. ತಮಿಳುನಾಡಿನ ಭತ್ತದ ಗದ್ದೆಗಳಲ್ಲಿ ಇದನ್ನು ಹೆಕ್ಟೇರಿಗೆ ನೂರರಂತೆ ಇಡುವ ಶಿಫಾರಸು ಇದೆ. ಬಿದಿರಿಗೆ ನಮ್ಮಲ್ಲಿ ಬರವಿಲ್ಲ. ಬುಟ್ಟಿ ಹೆಣೆಯುವ ಕೈಗೆ ಮಾದರಿ ಒಂದು ತೋರಿಸಿದರೆ ಮಾಡಿಕೊಡುತ್ತಾರೆ. ಮಳೆಗಾಲದಲ್ಲಿ ತುಕ್ಕು ಹಿಡಿಯುವ ಚಿಂತೆಯೂ ಇಲ್ಲ.

ಅಂಟು ಹಲಗೆ ಮಾತ್ರ ಗದ್ದೆ ತೋಟಕ್ಕೆ ತರಬೇಡಿ. ಅದಕ್ಕೆ ಕಪ್ಪೆ, ಓತಿಕ್ಯಾತ, ಹಕ್ಕಿಮರಿ, ಹಾವು ಎಲ್ಲ ಅಂಟುತ್ತವೆ. ದೊಡ್ಡ ಹೆಗ್ಗಣ ಮಾತ್ರ ಹಲಗೆಯನ್ನೇ ಎಳೆದುಕೊಂಡು ಹೋಗುತ್ತದೆ. ಅಂಟಿಕೊಂಡ ಪ್ರಾಣಿ ಗಂಟೆಗಟ್ಟಲೆ ಒದ್ದಾಡಿ ಸಾಯುವುದನ್ನು ನೋಡುವುದೂ ಕಷ್ಟ.

ಆಹಾರದ ವಿಷಯಕ್ಕೆ ಬಂದರೆ ಕರಾವಳಿಯಲ್ಲಿ ಒಣಮೀನು ಅಥವಾ ಒಣ ಸಿಗಡಿ. ಕೆಂಡದ ಮೇಲೆ ಒಂದು ಸುತ್ತು ಬಾಡಿಸಿ ಇಟ್ಟರೆ ವಾಸನೆ ದೂರ ಹೋಗುತ್ತದೆ. ಮೀನು ಮುಟ್ಟದ ಮನೆಯವರು ಸುಟ್ಟ ಕೊಬ್ಬರಿ ಚೂರು ಇಡಬಹುದು, ಅದೇನೂ ಕಡಿಮೆ ಇಲ್ಲ. ಗೆಣಸು, ಹುರಿದ ಶೇಂಗಾ ಕೂಡ ಆಗುತ್ತದೆ. ಹಪ್ಪಳದ ಚೂರು ಮನೆಯೊಳಗೆ ಸರಿ, ಮಳೆಗಾಲದ ಗದ್ದೆಯಲ್ಲಿ ಒಂದು ಗಂಟೆಗೆಲ್ಲ ಮೆತ್ತಗಾಗಿ ಹೋಗುತ್ತದೆ. ಆಹಾರವನ್ನು ಕೊಕ್ಕೆಗೆ ದಾರದಲ್ಲಿ ಬಿಗಿದು ಕಟ್ಟಿ. ಸಡಿಲ ಇದ್ದರೆ ಇರುವೆಗೂ ಏಡಿಗೂ ಹಬ್ಬ.

ಇಲಿ ಜಾತಿಗೆ ಹೊಸ ವಸ್ತು ಕಂಡರೆ ಅನುಮಾನ. ಆದ್ದರಿಂದ ಮೊದಲ ಎರಡು ಮೂರು ರಾತ್ರಿ ಬೋನಿನಲ್ಲಿ ಆಹಾರ ಇಟ್ಟು ಬಾಗಿಲು ಬೀಳದ ಹಾಗೆ ಕಟ್ಟಿಡಿ. ತಿಂದು ಹೋಗಲಿ ಬಿಡಿ. ಧೈರ್ಯ ಬಂದ ಮೇಲೆ ಬಾಗಿಲು ಬಿಚ್ಚಿ. ಈ ಎರಡು ದಿನದ ತಾಳ್ಮೆ ಇಲ್ಲದವರೇ ‘ನಮ್ಮಲ್ಲಿ ಬೋನು ನಡೆಯೋದಿಲ್ಲ’ ಎಂದು ಹೇಳುವುದು.

ಜಾಗ ಹೇಗೆಂದರೆ, ಜೀವ ಇರುವ ಬಿಲದಿಂದ ಒಂದೆರಡು ಅಡಿ ದೂರ, ಅದು ಓಡಾಡುವ ದಾರಿಯಲ್ಲಿ. ಹೆಗ್ಗಣ ಬಯಲ ನಡುವೆ ಓಡುವುದಿಲ್ಲ, ಬದುವಿನ ಅಂಚು ಹಿಡಿದೇ ಹೋಗುತ್ತದೆ. ಹುಲ್ಲು ಒತ್ತಿ ನುಣುಪಾದ ಸಣ್ಣ ದಾರಿ ಕಾಣುತ್ತದೆ. ಅದರ ಉದ್ದಕ್ಕೆ ಬೋನಿನ ಬಾಯಿ ಬರುವಂತೆ ಇಡಿ, ಅಡ್ಡಕ್ಕೆ ಬೇಡ. ತಳಕ್ಕೆ ಸ್ವಲ್ಪ ಮಣ್ಣು, ಮೇಲೆ ಒಂದಿಷ್ಟು ಹುಲ್ಲು ಮುಚ್ಚಿ. ಗೂಟ ಹೊಡೆದು ತಂತಿಯಲ್ಲಿ ಕಟ್ಟಿ, ಇಲ್ಲದಿದ್ದರೆ ನರಿ, ನಾಯಿ ಹೊತ್ತೊಯ್ಯುತ್ತವೆ. ಅಡಿಕೆ ತೋಟದಲ್ಲಾದರೆ ಬಸಿಗಾಲುವೆಯ ದಂಡೆ, ಸೊಪ್ಪಿನ ರಾಶಿ, ಬಾಳೆ ಗುಂಪಿನ ಬುಡ ನೋಡಿ.

ಕತ್ತಲಾಗುವ ಮುಂಚೆ ಇಟ್ಟು ಬೆಳಿಗ್ಗೆ ಬೇಗ ಹೋಗಬೇಕು. ಹಗಲು ಬಾಗಿಲು ಮುಚ್ಚಿಡಿ, ಇಲ್ಲದಿದ್ದರೆ ಮುಂಗುಸಿ, ಹಕ್ಕಿ ಸಿಕ್ಕಿಬೀಳುತ್ತವೆ. ಬಿದ್ದರೆ ತಕ್ಷಣ ಬಿಟ್ಟುಬಿಡಿ. ಮುಂಗುಸಿ, ಕೇರೆ ಹಾವು ನಿಮ್ಮ ಕೆಲಸವನ್ನೇ ಸಂಬಳವಿಲ್ಲದೆ ಮಾಡುವವು, ಕಾನೂನಿನ ರಕ್ಷಣೆಯೂ ಅವಕ್ಕಿದೆ.

ಸಿಕ್ಕಿದ ಮೇಲೆ

ಬೋನಿನಲ್ಲಿ ಸಿಕ್ಕ ಹೆಗ್ಗಣ ಮೈಯ ಕೂದಲು ನಿಮಿರಿಸಿ ಗುರ್ ಎನ್ನುತ್ತದೆ. ಕೈ ಹತ್ತಿರ ಒಯ್ದರೆ ತಂತಿಯ ಸಂದಿಯಿಂದಲೇ ಕಚ್ಚುತ್ತದೆ. ದಪ್ಪ ಕೈಗವಸು ಹಾಕಿ. ಗೋಣಿಚೀಲದ ಬಾಯಿಯನ್ನು ಬೋನಿನ ಬಾಗಿಲಿಗೆ ಹಿಡಿದು ಒಳಗೆ ಇಳಿಸಿ, ತಲೆಗೆ ಒಂದೇ ಬಲವಾದ ಏಟು. ನೀರಲ್ಲಿ ಮುಳುಗಿಸುವುದು, ಬೆಂಕಿಗೆ ಹಾಕುವುದು ಬೇಡ. ಕೊಲ್ಲಲೇಬೇಕಾದರೆ ಬೇಗ ಕೊಲ್ಲಬೇಕು. ಮನಸ್ಸು ಬಾರದೆ ನಾಲ್ಕು ಗದ್ದೆ ಆಚೆ ಬಿಟ್ಟು ಬರುವವರೂ ಇದ್ದಾರೆ. ಅದು ಆಚೆ ಮನೆಯವರಿಗೆ ಕಾಣಿಕೆ ಕೊಟ್ಟ ಲೆಕ್ಕ, ಅಷ್ಟೇ.

ಸತ್ತದ್ದನ್ನು ಬಾವಿ, ಹಳ್ಳದಿಂದ ದೂರ ಎರಡಡಿ ಆಳಕ್ಕೆ ಹೂಳಿ. ಹೊಳೆಗೆ ಎಸೆಯಬೇಡಿ.

ರೋಗದ ವಿಷಯ ಹಗುರವಾಗಿ ತೆಗೆದುಕೊಳ್ಳಬೇಡಿ. ಹೆಗ್ಗಣದ ಮೂತ್ರದಿಂದ ಇಲಿ ಜ್ವರ ಬರುತ್ತದೆ. ಮಳೆಗಾಲದ ಕೆಸರು ಗದ್ದೆಯಲ್ಲಿ ಬರಿಗಾಲಿನಲ್ಲಿ, ಕಾಲಿಗೆ ಗಾಯ ಇಟ್ಟುಕೊಂಡು ಇಳಿಯುವವರಿಗೆ ಅಪಾಯ ಜಾಸ್ತಿ. ಗಮ್‌ಬೂಟು ಹಾಕಿ, ಗಾಯಕ್ಕೆ ಬಟ್ಟೆ ಕಟ್ಟಿ. ಜ್ವರ, ಮೀನಖಂಡದ ನೋವು, ಕಣ್ಣು ಕೆಂಪಾಗುವುದು ಕಂಡರೆ ವೈದ್ಯರ ಹತ್ತಿರ ಹೋಗಿ, ‘ಗದ್ದೆ ಕೆಲಸ ಮಾಡ್ತೇನೆ, ಹೆಗ್ಗಣ ಹಿಡಿದಿದ್ದೆ’ ಎಂದು ಬಾಯಿಬಿಟ್ಟು ಹೇಳಿ. ಕಚ್ಚಿದರೆ ಸೋಪು ನೀರಲ್ಲಿ ಚೆನ್ನಾಗಿ ತೊಳೆದು ಅದೇ ದಿನ ಆಸ್ಪತ್ರೆಗೆ ತೋರಿಸಿ.

ಸಿದ್ದಾಪುರ, ಶಿರಸಿ ಕಡೆಯ ಕಾಡಂಚಿನಲ್ಲಿ ಮಂಗನ ಕಾಯಿಲೆಯ ಭಯವೂ ಇದೆ. ಅದನ್ನು ಹರಡುವ ಉಣ್ಣಿ ಇಲಿ, ಹೆಗ್ಗಣದ ಮೈಯಲ್ಲೂ ಇರುತ್ತದೆ. ಡಿಸೆಂಬರಿನಿಂದ ಮೇ ತನಕ ಅಂಥ ತೋಟದಲ್ಲಿ ಬೋನು ಇಡುವವರು ಪೂರ್ತಿ ತೋಳಿನ ಅಂಗಿ ಹಾಕಿ, ಉಣ್ಣಿ ಹತ್ತದಂತೆ ಆರೋಗ್ಯ ಇಲಾಖೆ ಕೊಡುವ ಡೆಪಾ ಎಣ್ಣೆ ಹಚ್ಚಿಕೊಂಡು ಹೋಗಿ. ಮನೆಗೆ ಬಂದು ಬಿಸಿನೀರಲ್ಲಿ ಸ್ನಾನ ಮಾಡಿ, ಬಟ್ಟೆ ಕುದಿಸಿ.

ಅಗೆಯುವುದು, ಹೊಗೆ ಹಾಕುವುದು

ಬಿಲ ಅಗೆದು ಹಿಡಿಯುವುದು ಬೇಸಿಗೆಯ ಖಾಲಿ ಗದ್ದೆಗೆ ಸರಿ. ಕಟ್ಟೆ ಮೇಲೆ, ಬೆಳೆ ಇರುವಾಗ ಶುರು ಮಾಡಿದರೆ ಬೆಟ್ಟ ಅಗೆದು ಇಲಿ ಹಿಡಿದ ಹಾಗೆಯೇ. ಬಿಲ ಒಂದು ಕಡೆ ತಿರುಗಿ ಇನ್ನೊಂದು ಕಡೆ ಏಳುತ್ತದೆ, ಹೆಗ್ಗಣ ಹಿಂಬಾಗಿಲಿನಿಂದ ಹೋಗಿರುತ್ತದೆ. ಕಟ್ಟೆ ಮಾತ್ರ ಹಾಳು.

ಮಡಕೆಯಲ್ಲಿ ಹುಲ್ಲು ಹೊತ್ತಿಸಿ ಬಿಲಕ್ಕೆ ಹೊಗೆ ಊದುವ ಪದ್ಧತಿ ಇದೆ. ಒಂದು ಬಾಯಿ ಬಿಟ್ಟು ಉಳಿದದ್ದೆಲ್ಲ ಮುಚ್ಚಬೇಕು. ಹೊಗೆ ಎಲ್ಲಿಂದ ಏಳುತ್ತದೋ ಅಲ್ಲಿ ಇನ್ನೊಂದು ಬಾಗಿಲು ಇದೆ ಎಂದು ಅರ್ಥ. ಅಲ್ಲಿ ಬಲೆ ಹಿಡಿದು ಒಬ್ಬರು ನಿಲ್ಲಬೇಕು. ಬಿಲದಿಂದ ಹೆಗ್ಗಣದ ಬದಲು ನಾಗರಹಾವೋ ಕೊಳಕುಮಂಡಲವೋ ಬರಬಹುದು, ಅದನ್ನು ಮನಸ್ಸಿನಲ್ಲಿಟ್ಟೇ ನಿಲ್ಲಬೇಕು. ಬಿಲಕ್ಕೆ ಕೈ ಹಾಕುವುದಂತೂ ಯಾವತ್ತೂ ಬೇಡ.

ಪಾಷಾಣ ಹಾಕಲೇಬೇಕಾದರೆ

ಜಿಂಕ್ ಫಾಸ್ಫೈಡ್ ತೀವ್ರ ವಿಷ, ಅದಕ್ಕೆ ಪ್ರತಿವಿಷ ಇಲ್ಲ. ವಿಷವಿಲ್ಲದ ಆಹಾರವನ್ನು ಎರಡು ದಿನ ರೂಢಿ ಮಾಡಿಸದೆ ನೇರ ಇಟ್ಟರೆ ಸ್ವಲ್ಪ ರುಚಿ ನೋಡಿ ಬದುಕಿ ಉಳಿದ ಹೆಗ್ಗಣ ಮತ್ತೆ ಆ ಆಹಾರದ ಹತ್ತಿರ ಸುಳಿಯುವುದಿಲ್ಲ. ಬ್ರೋಮಾಡಿಯೋಲೋನ್ ಬಿಲ್ಲೆ ನಿಧಾನಕ್ಕೆ ಕೊಲ್ಲುವುದರಿಂದ ಈ ಅನುಮಾನ ಹುಟ್ಟುವುದಿಲ್ಲ, ಅದಕ್ಕೆ ವಿಟಮಿನ್ ಕೆ ಪ್ರತಿವಿಷವೂ ಇದೆ. ಆದರೆ ಸತ್ತ ಹೆಗ್ಗಣವನ್ನು ತಿಂದ ಗೂಬೆ, ಬೆಕ್ಕಿಗೂ ಅದು ತಗಲುತ್ತದೆ. ಯಾವುದೇ ಆಗಲಿ, ಜೀವ ಇರುವ ಬಿಲದೊಳಗೆ ಇಟ್ಟು ಬಾಯಿ ಮುಚ್ಚಿ, ಬದುವಿನ ಮೇಲೆ ಚೆಲ್ಲಬೇಡಿ. ಎಷ್ಟು, ಯಾವಾಗ ಎಂಬುದನ್ನು ನಿಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ಅಥವಾ ಶಿರಸಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ಕೇಳಿ. ಕಿಸಾನ್ ಕಾಲ್ ಸೆಂಟರಿನ 1800-180-1551ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಉತ್ತರ ಸಿಗುತ್ತದೆ. ಯಾರಾದರೂ ಆಕಸ್ಮಿಕವಾಗಿ ವಿಷ ಸೇವಿಸಿದರೆ ಮನೆಮದ್ದು ಮಾಡುತ್ತ ಕೂರಬೇಡಿ. 108ಕ್ಕೆ ಫೋನ್ ಮಾಡಿ, ಪೊಟ್ಟಣವನ್ನು ಜೊತೆಗೇ ಒಯ್ಯಿರಿ.

ಬದುವಿಗೆ ಕರೆಂಟ್ ತಂತಿ ಎಳೆಯುವವರ ಸುದ್ದಿಯನ್ನು ನೀವೂ ಕೇಳಿರುತ್ತೀರಿ. ಅದು ಅಪರಾಧ. ಸಾಯುವುದು ಬಹಳ ಸಲ ಬೆಳಿಗ್ಗೆ ನೀರು ಕಟ್ಟಲು ಹೋದ ಮನೆಯವರೇ.

ಹಿಡಿಯುವವರನ್ನು ಕರೆಸುವಾಗ

ಜೀವ ಇರುವ ಬಿಲ ಹತ್ತಿಪ್ಪತ್ತು ಇದ್ದರೆ ಮನೆಯವರೇ ಸಾಕು. ಬಯಲಿಡೀ ಹರಡಿದ್ದರೆ, ಗಜನಿ ಕಟ್ಟೆ ಸೋರುತ್ತಿದ್ದರೆ, ಎರಡು ಸುತ್ತು ಬೋನು ಇಟ್ಟರೂ ಬಿಲದ ಲೆಕ್ಕ ಇಳಿಯದಿದ್ದರೆ ಕರೆಸುವುದು ಒಳ್ಳೆಯದು.

ಕರೆಸುವವರಲ್ಲಿ ಎರಡು ಬಗೆ. ಊರೂರು ತಿರುಗಿ ಬೋನಿನಿಂದ, ಅಗೆದು ಹಿಡಿಯುವ ಅನುಭವಸ್ಥರು ಒಂದು. ಪರವಾನಗಿ ಇರುವ ಕೀಟ ನಿಯಂತ್ರಣ ಸಂಸ್ಥೆಯವರು ಇನ್ನೊಂದು. ಮೊದಲನೆಯವರಿಗೆ ಮಣ್ಣು ಗೊತ್ತು, ಎರಡನೆಯವರಿಗೆ ರಾಸಾಯನಿಕ ಗೊತ್ತು. ಗದ್ದೆಗೆ ನನ್ನ ಮತ ಮೊದಲನೆಯವರಿಗೇ. ಗೋದಾಮು, ಅಡಿಕೆ ದಾಸ್ತಾನು, ರೈಸ್ ಮಿಲ್ಲಿಗೆ ಎರಡನೆಯವರು ಬೇಕು.

ಕೂಲಿ ಮಾತಾಡುವಾಗ ‘ಬಾಲಕ್ಕೆ ಇಷ್ಟು’ ಎಂದು ಒಪ್ಪುವ ರೂಢಿ ಇದೆ. ಸುಲಭ, ಎಣಿಸಿ ಕೊಟ್ಟರಾಯಿತು. ಆದರೆ ಬಾಲ ನಿಮ್ಮ ಗದ್ದೆಯದೋ ಪಕ್ಕದೂರಿನದೋ ಯಾರಿಗೆ ಗೊತ್ತು? ಸುಲಭಕ್ಕೆ ಸಿಗುವ ಎಳೆಯವನ್ನು ಹಿಡಿದು ಹಠಮಾರಿ ಮುದಿಯನ್ನು ಬಿಟ್ಟು ಹೋಗುವ ಆಸೆಯೂ ಇರುತ್ತದೆ. ಬದಲಿಗೆ ಬಿಲದ ಲೆಕ್ಕಕ್ಕೆ ಮಾತಾಡಿ. ಮೊದಲ ದಿನ ಇಬ್ಬರೂ ಒಟ್ಟಿಗೆ ಬದು ಸುತ್ತಿ ಜೀವ ಇರುವ ಬಿಲ ಎಣಿಸಿ. ಕೆಲಸ ಮುಗಿದ ದಿನ ಎಲ್ಲ ಮುಚ್ಚಿ. ಮೂರು ದಿನ ಬಿಟ್ಟು ಮತ್ತೆ ಎಣಿಸಿ. ತೆರೆಯದ ಬಿಲಕ್ಕೆ ಪೂರ್ತಿ ದುಡ್ಡು, ತೆರೆದದ್ದಕ್ಕೆ ಮತ್ತೊಮ್ಮೆ ಬಂದು ಹಿಡಿಯಬೇಕು. ಅರ್ಧ ಮುಂಗಡ, ಅರ್ಧ ಆ ಮೂರನೇ ದಿನ. ಊಟ, ಚಹಾ ನಿಮ್ಮದು, ಅದನ್ನು ಚೌಕಾಸಿ ಮಾಡಬೇಡಿ.

ಸಂಸ್ಥೆಯವರಾದರೆ ಮೊದಲು ಪರವಾನಗಿ ಕೇಳಿ. ಬಿಲಕ್ಕೆ ಮಾತ್ರೆ ಹಾಕಿ ಅನಿಲ ಬಿಡುತ್ತೇವೆ ಎಂದು ಹೇಳಬಹುದು. ಅದು ಅಲ್ಯೂಮಿನಿಯಂ ಫಾಸ್ಫೈಡ್. ಸರ್ಕಾರಿ ಸಂಸ್ಥೆಗಳು ಮತ್ತು ಕೀಟ ನಿಯಂತ್ರಣದವರು ತಜ್ಞರ ಮೇಲ್ವಿಚಾರಣೆಯಲ್ಲಿ ಮಾತ್ರ ಬಳಸಬೇಕಾದ ವಿಷ ಅದು. ‘ಮಾತ್ರೆ ಕೊಡ್ತೇವೆ, ನೀವೇ ಹಾಕಿಕೊಳ್ಳಿ’ ಎನ್ನುವವರನ್ನು ಬಾಗಿಲಿನಿಂದಲೇ ಕಳಿಸಿ. ಮನೆ, ಕೊಟ್ಟಿಗೆ, ಕೆಲಸದವರ ಬಿಡಾರದ ಗೋಡೆ ಹತ್ತಿರದ ಬಿಲಕ್ಕೆ ಅದನ್ನು ಹಾಕಿಸಲೇಬೇಡಿ. ಅನಿಲ ಬಿಲದ ದಾರಿಯಲ್ಲೇ ನೆಲದಡಿಯಿಂದ ಕೋಣೆಯೊಳಗೆ ಬಂದು ಮಲಗಿದವರ ಜೀವ ತೆಗೆಯಬಹುದು. ಯಾವ ಔಷಧ, ಎಷ್ಟು, ಯಾವ ಜಾಗಕ್ಕೆ ಎಂಬುದನ್ನು ರಸೀದಿಯಲ್ಲಿ ಬರೆಸಿಕೊಳ್ಳಿ. ಉಳಿದ ಔಷಧ, ಖಾಲಿ ಡಬ್ಬಿ ಎಲ್ಲ ಅವರೇ ಒಯ್ಯಬೇಕು.

ಮತ್ತೆ ಬಾರದ ಹಾಗೆ

ದಪ್ಪ ಬದು ಹೆಗ್ಗಣಕ್ಕೆ ಬಂಗಲೆ. ನಡೆಯಲು ಸಾಕಾಗುವಷ್ಟೇ, ಒಂದೂವರೆ ಅಡಿ ಅಗಲ, ಒಂದಡಿ ಎತ್ತರಕ್ಕೆ ಇಳಿಸಿದರೆ ಒಳಗೆ ಕೋಣೆ ಮಾಡಲು ಜಾಗ ಸಾಲುವುದಿಲ್ಲ. ಗಜನಿಯ ಹೊರಕಟ್ಟೆಗೆ ಈ ಮಾತು ಬೇಡ, ಅದು ದಪ್ಪವೇ ಇರಬೇಕು. ಅಲ್ಲಿ ಹುಲ್ಲು ಸವರಿ ಬಿಲ ಕಣ್ಣಿಗೆ ಬೀಳುವಂತೆ ಇಟ್ಟರೆ ಸಾಕು. ಹುಲ್ಲಿನ ಬಣವೆಯನ್ನು ಗದ್ದೆ ಅಂಚಿನಲ್ಲಿ ನೆಲಕ್ಕೇ ಹಾಕಬೇಡಿ, ಅಟ್ಟಣಿಗೆ ಕಟ್ಟಿ ಹಾಕಿ.

ನಾಟಿ ಆದ ಮೇಲೆ ಗದ್ದೆಯಲ್ಲಿ ಅಲ್ಲಲ್ಲಿ ಬಿದಿರಿನ ಕೋಲು ನೆಟ್ಟು ಮೇಲೆ ಅಡ್ಡಪಟ್ಟಿ ಕಟ್ಟಿ. ರಾತ್ರಿ ಗೂಬೆ ಬಂದು ಕೂರುತ್ತದೆ. ಗೂಬೆ ಕೂತರೆ ಅಪಶಕುನ ಎಂದು ಅಜ್ಜಿಯಂದಿರು ಗೊಣಗಬಹುದು, ಮನೆಯ ಮಾಡಿನ ಮೇಲೆ ಕೂರುವುದಕ್ಕಿಂತ ಗದ್ದೆಯಲ್ಲಿ ಕೂರುವುದು ವಾಸಿ ಅಲ್ವಾ ಎಂದು ಹೇಳಿ. ಕಾಳು ಗಟ್ಟಿಯಾಗುವ ಹೊತ್ತಿಗೆ ಕೋಲು ಕಿತ್ತುಬಿಡಿ, ಇಲ್ಲದಿದ್ದರೆ ಕಾಳು ತಿನ್ನುವ ಹಕ್ಕಿಗಳಿಗೆ ಅದೇ ಆಸನ.

ತೆಂಗಿನ ಮರದ ಮೇಲೆ ಎಳನೀರು ಕೊರೆಯುವುದು ಬೇರೆ ಇಲಿ. ಅದು ನೆಲದ ಬೋನಿಗೆ ಬೀಳುವುದು ಕಡಿಮೆ. ನೆಲದಿಂದ ಆರೂವರೆ ಅಡಿ ಮೇಲೆ ಕಾಂಡಕ್ಕೆ ಒಂದೂಕಾಲು ಅಡಿ ಅಗಲದ ನುಣುಪು ತಗಡು ಸುತ್ತಿದರೆ ಹತ್ತಲಾಗುವುದಿಲ್ಲ. ಆದರೆ ಪಕ್ಕದ ಮರದ ಗರಿ ತಾಗುತ್ತಿದ್ದರೆ ಅಲ್ಲಿಂದಲೇ ದಾಟಿ ಬರುತ್ತದೆ. ಒತ್ತಾಗಿ ನೆಟ್ಟ ತೋಟದಲ್ಲಿ ತಗಡಿನ ಖರ್ಚು ದಂಡ. ಅಲ್ಲಿ ಐದು ಮರಕ್ಕೆ ಒಂದರಂತೆ ಸುಳಿಯಲ್ಲಿ ಹತ್ತು ಗ್ರಾಮಿನ ಬ್ರೋಮಾಡಿಯೋಲೋನ್ ಬಿಲ್ಲೆ ಇಟ್ಟು, ಹನ್ನೆರಡು ದಿನ ಬಿಟ್ಟು ಇನ್ನೊಮ್ಮೆ ಇಡುವುದು ಶಿಫಾರಸಿನಲ್ಲಿರುವ ಕ್ರಮ. ಕಾಯಿ ಕೊಯ್ಯಲು ಬರುವವರಿಗೆ ಯಾವ ಯಾವ ಮರದಲ್ಲಿ ಇಟ್ಟಿದೆ ಎಂದು ಮೊದಲೇ ಹೇಳಿ, ಆ ಮರಗಳಿಗೆ ಸುಣ್ಣದ ಗುರುತು ಹಾಕಿಡಿ.